ಮಕ್ಕಳ ಚಾಪೆ

ಬೇಸಿಗೆಗೆ ಎರೆನೆಲ ಬಾಯಿಬಿಟ್ಟು, ಊರಿನ ಹೊಸ ಅಂಗನವಾಡಿಯ ಗೋಡೆ ಬಿರಿಯಿತು. ಬುನಾದಿ ಅಗೆದು ಗರಸು ಮಣ್ಣು ತುಂಬಬೇಕೆಂದು ಗೌಂಡಿ ಹುಸೇನಸಾಬ ಹೇಳಿದ. ಪಂಚಾಯಿತಿ ಅಧ್ಯಕ್ಷ ಫಕೀರಗೌಡರು ಗದರಿದರು.

"ಗೋಡಿ ಗಟ್ಟಿ ಐತಿ. ಸಿಮೆಂಟ್ ಮೆತ್ತಿ ಬಣ್ಣ ಹಚ್ಚು. ನಾಳೆ ಉದ್ಘಾಟನೆ!"

ಮರುದಿನ ಅಡುಗೆಯ ದ್ಯಾಮವ್ವ ಮಕ್ಕಳ ಚಾಪೆಯ ಪಕ್ಕ ಅಧ್ಯಕ್ಷರ ಕುರ್ಚಿಯನ್ನು ಅದೇ ಗೋಡೆಗೆ ಆನಿಸಿ ಇಟ್ಟಳು. ಗೌಡರು ಕೂರಲಿಲ್ಲ.

"ಕುರ್ಚಿ ಆ ಕಡೆ ಸರಸವಾ."

"ಸರಸ್ತೀನ್ರಿ. ಮಕ್ಕಳ ಚಾಪಿ ಎಲ್ಲಿಗೆ ಸರಸಲಿ?"

ನೆರೆದ ತಾಯಂದಿರೆಲ್ಲ ಗೌಡರ ಮುಖ ನೋಡಿದರು. ಗೌಡರು ಬೆವರೊರೆಸಿಕೊಂಡು, "ಹುಸೇನಸಾಬ, ಬುನಾದಿ ಅಗಿಯಪಾ" ಎಂದರು.

ಜನ ನಕ್ಕರು. ದ್ಯಾಮವ್ವ ನಗಲಿಲ್ಲ. ಹೋದ ಮಳೆಗಾಲ ಅವಳ ಮನೆಯ ಗೋಡೆ ಬಿದ್ದು ಮಗಳು ಸತ್ತಿದ್ದಳು. ಆ ಗೋಡೆಯನ್ನೂ ಗಟ್ಟಿ ಅಂದವರು ಇದೇ ಗೌಡರು. ಅವರ ಮಾತು ನಂಬಿ, ದ್ಯಾಮವ್ವ ಮಗಳನ್ನು ಅದರ ಪಕ್ಕದಲ್ಲೇ ಮಲಗಿಸಿದ್ದಳು.