ಒಂದನ್ನೂ ಬಿಡದ ಟೈಮರ್

ಸೋಡಾ ಕಾರ್ಖಾನೆಯ ಎಲೆಕ್ಟ್ರಾನಿಕ್ ಚಿಪ್ ಒಂದರಲ್ಲಿ ಕೂತ ಟೈಮರಿಗೆ ಹೊತ್ತಿನ ಬದಲು ಬಾಟಲಿ ಎಣಿಸುವ ಕೆಲಸ. ಬೆಲ್ಟಿನ ಮೇಲೆ ಬಂದ ಬಾಟಲಿ ಸ್ವಿಚ್ಚಿಗೆ ತಾಗಿದರೆ ಸ್ವಿಚ್ಚು “ಬಂತು” ಎನ್ನುತ್ತಿತ್ತು, ಟೈಮರ್ ಒಂದು ಕೂಡಿಸುತ್ತಿತ್ತು. ಆದರೆ ಅದು ಹೇಳಿದಷ್ಟು ಬಾಟಲಿಗಳು ಗೋದಾಮಿನಲ್ಲಿ ಎಂದೂ ಸಿಗುತ್ತಿರಲಿಲ್ಲ.

“ನಾನು ಒಂದನ್ನೂ ಬಿಟ್ಟವನಲ್ಲ. ಬೆಲ್ಟೇ ಕಳ್ಳ, ಗೋದಾಮಿನ ಬಾಗಿಲು ಅದರ ಜೊತೆಗಾರ!” ಎಂದು ಟೈಮರ್ ಗುಡುಗಿತು.

ಸ್ವಿಚ್ಚು ಅಳುಕುತ್ತ ಹೇಳಿತು: “ತಪ್ಪು ನನ್ನದಣ್ಣ. ಬಾಟಲಿ ಬಡಿದಾಗ ನನ್ನ ತಗಡು ಅದುರುತ್ತದೆ. ಒಂದೇ ಬಾಟಲಿಗೆ ‘ಬಂತು, ಬಂತು, ಬಂತು’ ಎಂದು ತೊದಲಿಬಿಡುತ್ತೇನೆ. ಮೊದಲ ಮಾತು ಕೇಳಿದ ಮೇಲೆ ನೀವು ಒಂದು ಕ್ಷಣ ಕಿವಿ ಮುಚ್ಚಿಕೊಂಡರೆ ಸಾಕು.”

“ಕಿವಿ ಮುಚ್ಚುವುದೇ? ಅದು ಸೋಮಾರಿಗಳ ಚಾಳಿ! ನಿನ್ನ ಕೆಲಸ ಹೇಳುವುದು, ನನ್ನದು ಎಣಿಸುವುದು.”

ಮಧ್ಯಾಹ್ನ ಊಟದ ಹೊತ್ತಿಗೆ ಬೆಲ್ಟು ನಿಂತಿತು. ಒಂದು ಬಾಟಲಿ ಸ್ವಿಚ್ಚಿಗೆ ಒರಗಿಯೇ ಉಳಿಯಿತು. ಹೊರಗೆ ಲಾರಿಗಳು ಓಡಾಡಿದಂತೆಲ್ಲ ಸ್ವಿಚ್ಚು ಅದುರಿ ಅದುರಿ ತೊದಲಿತು. ಟೈಮರ್ ಆ ಒಂದೇ ಬಾಟಲಿಯನ್ನು ಬೆವರು ಸುರಿಸಿ ಎಣಿಸಿತು, ಎಣಿಸಿತು, ಎಣಿಸುತ್ತಲೇ ಇತ್ತು.

ಕೊನೆಗೆ ನಿಂತ ಬೆಲ್ಟಿನತ್ತ ತಿರುಗಿ ಮೂಗು ಮುರಿಯಿತು: “ನೋಡು ಮೈಗಳ್ಳ, ನೀವೆಲ್ಲ ಮಲಗಿದ ಮೇಲೆ ಬಾಟಲಿಗಳು ಎಷ್ಟು ಚೆನ್ನಾಗಿ ಬರುತ್ತಿವೆ!”