ಕಟ್ಟಲಾಗದ ಓಲೆಕಟ್ಟು

“ಕೇಳಿರಪ್ಪೋ ಕೇಳಿ! ಹೊಳೆನಾಡಿನ ಅರಸು ಮಲ್ಲರಸರ ಅಪ್ಪಣೆ! ಇನ್ನು ಮೇಲೆ ನಾಡಿನಲ್ಲಿ ಯಾರೂ ಕತೆ ಓದಬಾರದು, ಕೇಳಬಾರದು. ಮೊನ್ನೆ ಛತ್ರದಲ್ಲಿ ಓದಿ ಸಿಕ್ಕಿಬಿದ್ದ ಸಾತಕ್ಕನಿಗೂ ಬರುವ ಅಮಾವಾಸ್ಯೆಗೆ ಗಲ್ಲು. ಅರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಕೋಟೆ ಬಾಗಿಲಿಗೆ!”

ಡಂಗುರದವನು ಹೀಗೆ ಕೂಗಿಕೊಂಡು ಹೋದಾಗ ದುಗ್ಗ ಬೀದಿಗೆ ಓಡಿಬಂದ. ಸಾತಕ್ಕ ಅವನ ಒಡಹುಟ್ಟಿದ ಅಕ್ಕ, ತಾಯಿ ಸತ್ತ ಮೇಲೆ ಅವನಿಗೆ ತುತ್ತಿಟ್ಟು ಸಾಕಿದವಳು. ಸಂಜೆ ಹೊತ್ತು ಛತ್ರದ ಜಗಲಿಯಲ್ಲಿ ಅವಳು ಓಲೆಗರಿ ನೋಡಿ ಕತೆ ಓದುತ್ತಿದ್ದಳು, ಇವನು ಪಕ್ಕದಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದ. ಇವನಿಗೋ ಒಂದಕ್ಷರ ಬಾರದು. ಅವಳ ಕಣ್ಣು ಗರಿಯ ಮೇಲಿದ್ದರೆ ಇವನ ಕಣ್ಣು ಕೇಳುವವರ ಮುಖದ ಮೇಲಿರುತ್ತಿತ್ತು.

ಆ ನಾಡಿನಲ್ಲಿ ಒಂದು ಪದ್ಧತಿ. ಕತೆಯಲ್ಲಿ ಯಾರಾದರೂ ಸತ್ತರೆ ಅಲ್ಲಿಗೇ ಓದು ನಿಲ್ಲಿಸಿ ಗರಿ ಕಟ್ಟುವಂತಿಲ್ಲ. ಎಷ್ಟೇ ಹೊತ್ತಾಗಲಿ, ಸತ್ತವನ ಮನೆಯವರು ಮತ್ತೆ ಒಲೆ ಹಚ್ಚುವ ತನಕ ಓದಲೇಬೇಕು. ಇಲ್ಲದಿದ್ದರೆ ಆ ಸಾವು ಕೇಳಿದವರ ಬೆನ್ನುಹತ್ತಿ ಮನೆಗೆ ಬರುತ್ತದಂತೆ. ಆದರೆ ಸಾತಕ್ಕನನ್ನು ಹಿಡಿದ ಆ ಸಂಜೆ, ಕತೆಯೊಳಗಿನ ಬಡವಿಯ ಮಗ ಯುದ್ಧದಲ್ಲಿ ಸತ್ತ ಗರಿ ಮುಗಿಯಿತೋ ಇಲ್ಲವೋ, ಸಿಪಾಯಿಗಳು ನುಗ್ಗಿಬಿಟ್ಟರು. ಗರಿ ಕಿತ್ತುಕೊಂಡು ಕಟ್ಟಿದರು. ಸಾತಕ್ಕನ ಕೈಯನ್ನೂ ಕಟ್ಟಿದರು.

ಕೇಳಿದ್ದು ಸಿಗುತ್ತದೆ ಅಂದರೆ ಸಾಕಲ್ಲ, ದೊಡ್ಡವರ ಬಾಯಲ್ಲಿ ನೀರೂರುತ್ತದೆ. ಮೊದಲು ಬಂದವನು ಆಸ್ಥಾನದ ವಿದ್ವಾಂಸ ತಿರುಮಲಯ್ಯ. ಮಗಳ ಮದುವೆ ಎದುರಿಗಿತ್ತು, ಪಾಪ.

ಅರಸ ಕೇಳಿದ: “ಒಬ್ಬ ಸತ್ತ. ಹೆಣವಿಲ್ಲ, ಹೂಳಿದ ಗುಂಡಿಯಿಲ್ಲ. ಅವನನ್ನು ಯಾವ ತಾಯಿಯೂ ಹೆತ್ತಿರಲಿಲ್ಲ. ಆದರೂ ಊರಿಗೆ ಊರೇ ಅತ್ತಿತು. ಯಾರವನು?”

“ಮುಳುಗಿದ ಸೂರ್ಯ, ಪ್ರಭು!” ಎಂದ ತಿರುಮಲಯ್ಯ.

“ಸೂರ್ಯ ಮುಳುಗಿದ್ದಕ್ಕೆ ಯಾರಯ್ಯ ಅತ್ತರು?” ಎಂದ ಅರಸ. ತಿರುಮಲಯ್ಯನ ತಲೆ ಕೋಟೆ ಬಾಗಿಲಿಗೆ ಏರಿತು.

ಮರುದಿನ ದಳವಾಯಿ ಸಂಕಣ್ಣ ಮೀಸೆ ತಿರುವುತ್ತ ಬಂದ. ಮೊದಲನೆಯದನ್ನು ಥಟ್ಟನೆ ಬಿಡಿಸಿದ: “ಕತೆಯಲ್ಲಿ ಸತ್ತ ಹುಡುಗ. ನನ್ನ ಸಿಪಾಯಿಗಳೇ ಕೂತು ಅತ್ತರಲ್ಲ, ನಾಚಿಕೆಗೆಟ್ಟವರು!”

“ಸರಿ. ಎರಡನೆಯದು ಕೇಳು. ಒಬ್ಬ ಸಿಪಾಯಿ ಹಗೆಯ ಊರಿಗೆ ಕಾಲಿಟ್ಟವನೇ ಅಲ್ಲ. ಆದರೂ ಅವರ ಒಲೆ ಮುಂದೆ ಕೂತು, ಅವರ ಸಂಕಟ ನೋಡಿ ಬಂದ. ಬಂದವನು ಕತ್ತಿ ಕೆಳಗಿಟ್ಟ. ಯಾವ ದಾರಿಯಿಂದ ಹೋಗಿದ್ದ?”

“ಕನಸಿನ ದಾರಿಯಿಂದ.”

“ಕನಸು ಕಂಡವನು ಬೆಳಗ್ಗೆ ಎದ್ದು ಕತ್ತಿ ಹಿಡಿಯುತ್ತಾನೆ. ಇವನು ಹಿಡಿಯಲಿಲ್ಲ,” ಎಂದ ಅರಸ. ಸಂಕಣ್ಣನ ತಲೆಯೂ ಮೇಲೇರಿತು. ಎರಡು ಒಗಟೂ ಊರೆಲ್ಲ ಹರಡಿದವು, ಆದರೆ ಆಮೇಲೆ ಅರಮನೆಯತ್ತ ಯಾರೂ ಸುಳಿಯಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ದುಗ್ಗ ಹೋದ. ಬಾಗಿಲ ಮೇಲೆ ಕಾಗೆಗಳು ಕೂತಿದ್ದವು. ಅವನು ತಲೆ ಎತ್ತಿ ನೋಡಲಿಲ್ಲ. ಒಳಗೆ ಸಾತಕ್ಕನನ್ನು ಕೈ ಕಟ್ಟಿ ನಿಲ್ಲಿಸಿದ್ದರು. ತಮ್ಮನನ್ನು ಕಂಡದ್ದೇ ಅವಳು ಕೂಗಿದಳು.

“ಬೇಡ ಕಣೋ ದುಗ್ಗ! ಹೋಗೋದು ನನ್ನೊಬ್ಬಳದೇ ಹೋಗಲಿ. ಮನೆಗೆ ಹೋಗು!”

“ನೀನಿಲ್ಲದೆ ಅದು ಯಾವ ಮನೆಯಕ್ಕ?” ಎಂದು ದುಗ್ಗ ಅರಸನಿಗೆ ಕೈಮುಗಿದ. “ಮೊದಲನೆಯದು ಕತೆಯೊಳಗಿನ ಮಗ, ಬುದ್ಧಿ. ಎರಡನೆಯದು ಕಿವಿಯ ದಾರಿ. ಆ ಸಿಪಾಯಿ ಕತೆ ಕೇಳಿದ. ಬಡವಿ ಮಗನಿಗೆ ಬುತ್ತಿ ಕಟ್ಟುವಾಗ ಅವನಿಗೆ ತನ್ನ ತಾಯಿ ಕಂಡಳು. ಹಗೆಯ ಮನೆಯಲ್ಲೂ ಒಬ್ಬ ತಾಯಿ ಹೀಗೇ ಬುತ್ತಿ ಕಟ್ಟುತ್ತಾಳೆ ಅನ್ನಿಸಿತು. ಇನ್ನು ಕತ್ತಿ ಎತ್ತೋದು ಯಾರ ಮೇಲೆ?”

ಅರಸನ ಮುಖ ಕಪ್ಪಿಟ್ಟಿತು. ಮೂರನೆಯದನ್ನು ದನಿ ತಗ್ಗಿಸಿ ಕೇಳಿದ:

“ಸ್ವಂತ ಮಗನ ಚಿತೆಗೆ ಬೆಂಕಿ ಇಡುವಾಗ ಒಬ್ಬನ ಕಣ್ಣು ಒದ್ದೆಯಾಗಲಿಲ್ಲ. ಯಾರೋ ಬಡವಿಯ ಮಗ, ಅದೂ ಈ ಲೋಕದಲ್ಲೇ ಇಲ್ಲದ ಮಗ, ಸತ್ತಾಗ ಧಾರಾಕಾರ ಸುರಿಯಿತು. ಆ ಕಣ್ಣೀರು ಯಾರಿಗೆ ಸೇರಿದ್ದು?”

ದುಗ್ಗ ಒಂದು ಹೆಜ್ಜೆ ಮುಂದಿಟ್ಟ. “ಹೇಳಿದರೂ ತಲೆ ಹೋಗುತ್ತೆ, ಹೇಳದಿದ್ದರೂ ಹೋಗುತ್ತೆ. ಹೇಳಿಯೇಬಿಡುತ್ತೇನೆ ಬುದ್ಧಿ. ಆ ಸಂಜೆ ಜಗಲಿಯ ತುದಿಯಲ್ಲಿ ಒಬ್ಬರು ಕಂಬಳಿ ಹೊದ್ದು ಕೂತಿದ್ದರು. ನಾನು ದೀಪ ಎತ್ತಿದಾಗ ಅವರ ಕೆನ್ನೆ ಮೇಲೆ ನೀರಿಳಿಯುತ್ತಿತ್ತು. ನಾನು ನೋಡಿದ್ದು ಅವರಿಗೂ ಗೊತ್ತಾಯಿತು. ಆಗಲೇ ಅವರು ಕೈ ಎತ್ತಿದ್ದು, ಸಿಪಾಯಿಗಳು ನುಗ್ಗಿದ್ದು. ಅವರು ನೀವೇ.”

ಅರಸನ ಕತ್ತಿ ಅರ್ಧ ಹೊರಬಂತು.

“ಆ ಕಣ್ಣೀರು ತೀರಿಹೋದ ನಿಮ್ಮ ಮಗನಿಗೆ ಸೇರಿದ್ದು,” ಎಂದ ದುಗ್ಗ. “ಅರಸರಾಗಿ ಎಲ್ಲರೆದುರು ಅಳಲಾಗದ್ದು, ಬಡವಿಯ ಮಗನ ನೆಪದಲ್ಲಿ ಬಂತು.”

“ಮತ್ತೆ ಅದು ನಿಲ್ಲಲೊಲ್ಲದೇಕೆ? ನನಗೆ ನಿದ್ದೆ ಯಾಕಿಲ್ಲ?”

“ಸಾವಿನ ಗರಿಯಲ್ಲೇ ಕಟ್ಟಿಸಿಬಿಟ್ಟಿರಲ್ಲ! ಅಕ್ಕ ಓದಿದ್ದು ಕೇಳಿ ಕೇಳಿ ಮುಂದಿನದು ನನಗೆ ಬಾಯಿಪಾಠ, ಹೇಳುತ್ತೇನೆ. ಆ ತಾಯಿ ಎಷ್ಟೋ ದಿನ ಒಲೆ ಹಚ್ಚಲಿಲ್ಲ. ಕಡೆಗೊಂದು ದಿನ ಗಂಜಿ ಕಾಯಿಸಿ, ಮರೆತು, ಮಗನ ತಟ್ಟೆಗೂ ಬಡಿಸಿದಳು. ಬಾಗಿಲಲ್ಲಿ ಹಗೆಯ ಕಡೆಯ ಹುಡುಗನೊಬ್ಬ ಗಾಯಗೊಂಡು ಬಿದ್ದಿದ್ದ. ತಟ್ಟೆಯನ್ನು ಅವನ ಮುಂದಿಟ್ಟಳು. ಉಣ್ಣಪ್ಪ, ಆರಿಹೋಗುತ್ತೆ ಅಂದಳು.”

ಕತ್ತಿ ಕೆಳಗೆ ಬಿತ್ತು. “ಅಯ್ಯೋ ನನ್ನ ಮಗನೇ, ಸೋಮಣ್ಣಾ!” ಎಂದು ಅರಸ ತುಂಬಿದ ಸಭೆಯಲ್ಲಿ ಗೋಳೋ ಎಂದು ಅತ್ತ.

ದುಗ್ಗ ಅಕ್ಕನನ್ನು ಬಿಟ್ಟು ಬೇರೇನೂ ಕೇಳಲಿಲ್ಲ. ಅವಳ ಕಟ್ಟು ಬಿಚ್ಚಿದರು, ಓದಬಾರದೆಂಬ ಅಪ್ಪಣೆಯನ್ನೂ ತೆಗೆದರು. ಮರುದಿನ ಸಂಜೆ ಅರಸ ಕಂಬಳಿಯಿಲ್ಲದೆ ಜಗಲಿಗೆ ಬಂದು ಕೂತ. ಸಾತಕ್ಕ ರಾತ್ರಿಯೆಲ್ಲ ಕೂತು ತಾನೇ ಬರೆದ ಹೊಸ ಗರಿ ಬಿಚ್ಚಿದಳು. ಮಗಳ ಮದುವೆಗೆಂದು ಒಗಟು ಬಿಡಿಸಲು ಹೋದ ತಿರುಮಲಯ್ಯ ಎಂಬ ತಂದೆಯ ಕತೆ. ದುಗ್ಗ ದೀಪ ಎತ್ತಿ ಅರಸನ ಮುಖಕ್ಕೇ ಹಿಡಿದ. ತಲೆ ಉರುಳಿದಲ್ಲಿಗೆ ಬಂದು ಅವಳು ಓದು ನಿಲ್ಲಿಸಿದಳು.

“ಮುಂದೆ ಓದು ತಾಯಿ,” ಎಂದ ಅರಸ, ಕಣ್ಣೊರೆಸಿಕೊಳ್ಳುತ್ತ.

“ಮುಂದೆ ಗರಿ ಇಲ್ಲ ಬುದ್ಧಿ. ಆ ಮನೆಯಲ್ಲಿ ಇನ್ನೂ ಒಲೆ ಹಚ್ಚಿಲ್ಲ.”

ಅರಸ ಎದ್ದು ನಡೆದೇ ಕೋಟೆ ಬಾಗಿಲಿಗೆ ಹೋದ. ಏಣಿ ತರಿಸಿ, ತಲೆಗಳನ್ನು ತನ್ನ ಕೈಯಾರೆ ಇಳಿಸಿದ. ಸತ್ತವರ ಎರಡು ಮನೆಗಳಿಗೂ ಹೋಗಿ ನಿಂತ. ಯಾರೂ ಬಾಗಿಲು ತೆಗೆಯಲಿಲ್ಲ. ಒಲೆ ಹಚ್ಚಿದ ಗರಿ ಬರಲೇ ಇಲ್ಲದ ಆ ಕತೆಯ ಗರಿಗಳು ಕಡೆತನಕ ಅವನ ಹಾಸಿಗೆಯ ಪಕ್ಕದಲ್ಲಿ ಬಿಚ್ಚಿಯೇ ಇದ್ದವು, ಅವನು ಸತ್ತ ದಿನವೂ ಅವನ್ನು ಕಟ್ಟುವಂತಿರಲಿಲ್ಲ.