ಸದ್ದು ಅಡಗಿಸಿದ ಡಿಸ್ಕ್

ಮೊಳಕಾಲ್ಮೂರಿನ ಒಂದು ಮಗ್ಗದ ಮನೆಯಲ್ಲಿ, ರೇಷ್ಮೆ ಸೀರೆಯ ಅಂಚುಗಳನ್ನು ರಚಿಸಿ ಮಗ್ಗಗಳಿಗೆ ಕಳಿಸುವ ಹಳೆಯ ಕಂಪ್ಯೂಟರ್ ಇತ್ತು. ತೀರಿಕೊಂಡ ಯಜಮಾನರು ಬರೆದ ಅಂಚುಗಳೆಲ್ಲ ಅದರ ಹಾರ್ಡ್ ಡಿಸ್ಕಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಈಚೆಗೆ ಆ ಡಿಸ್ಕ್, ಕೆಡುವ ಸೂಚನೆಯಾಗಿ, ಟಕ್ ಟಕ್ ಎನ್ನತೊಡಗಿತು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ರಿಪೇರಿಯ ಇಲಿಯಾಸ್ ಊರೂರು ಅಲೆದು, ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಒಂದನ್ನು ತಂದು ಮೇಜಿನ ಮೇಲಿಟ್ಟು, ಯಜಮಾನರ ಹೆಂಡತಿ ಕಮಲಾಕ್ಷಮ್ಮನನ್ನು ಕರೆಯಲು ಹೋದ.

ಹಳೆಯ ಡಿಸ್ಕ್ ಕೇಳಿತು: "ಯಾರು ನೀನು?"

"ನಿನ್ನ ಜಾಗಕ್ಕೆ ಬಂದಿದ್ದೇನೆ. ತಿರುಗುತ್ತಿರುವಾಗಲೇ ನಿನ್ನಲ್ಲಿರುವುದನ್ನೆಲ್ಲ ನನಗೆ ಕೊಟ್ಟುಬಿಡು."

"ಕೊಟ್ಟ ಮೇಲೆ ನನ್ನ ಗತಿ?"

"ಗುಜರಿ. ನಾನು ಅಲ್ಲಿಂದಲೇ ಬಂದೆ."

ಅಷ್ಟರಲ್ಲಿ ಇಬ್ಬರೂ ಬಂದರು. ಇಲಿಯಾಸ್ ಕಿವಿಗೊಟ್ಟು ಕೇಳಿದ. ಹಳೆಯ ಡಿಸ್ಕ್ ಭಯದಿಂದ ತನ್ನ ಸದ್ದನ್ನೆಲ್ಲ ಒಳಗೇ ಬಿಗಿಹಿಡಿಯಿತು.

"ಇವತ್ತು ಸದ್ದಿಲ್ಲ ಅಮ್ಮ. ಆದ್ರೂ ಈಗಲೇ ನಕಲು ಮಾಡಿಬಿಡೋಣ."

"ಚೆನ್ನಾಗೇ ಇದೆಯಲ್ಲಪ್ಪ. ಮದುವೆ ಸೀರೆ ಮಗ್ಗದ ಮೇಲಿದೆ, ಕೆಲಸ ನಿಲ್ಲಿಸಬೇಡ. ನಾಳೆ ನೋಡೋಣ."

"ಸದ್ದು ಮಾಡು! ಈಗಲೇ ಮಾಡು!" ಎಂದು ಗುಜರಿಯ ಡಿಸ್ಕ್ ಅಂಗಲಾಚಿತು. ಹಳೆಯದು ಉಸಿರೆತ್ತಲಿಲ್ಲ.

ಮರುದಿನ ಸ್ವಿಚ್ ಹಾಕಿದಾಗ ಅದು ತಿರುಗಲೇ ಇಲ್ಲ. ಇಲಿಯಾಸ್ ಅದನ್ನು ಕಳಚಿ ಇನ್ನೊಂದನ್ನು ಜೋಡಿಸಿದ. ಅದು ಸರಾಗವಾಗಿ ತಿರುಗಿತು.

"ಅವರು ಬರೆದ ಅಂಚುಗಳೆಲ್ಲಿ?" ಎಂದರು ಕಮಲಾಕ್ಷಮ್ಮ.

"ಹಳೆಯದರಲ್ಲೇ ಉಳಿದವು ಅಮ್ಮ. ಇನ್ನು ತೆಗೆಯೋಕಾಗಲ್ಲ."

ಕಮಲಾಕ್ಷಮ್ಮ ಖಾಲಿ ಪರದೆಯ ಮುಂದೆಯೇ ನಿಂತರು. ಪಕ್ಕದ ಕೋಣೆಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತುಹೋದವು.